ಕಂಪ್ಯೂಟರಿನ ನಿದ್ದೆಗೊಂದು ಕುರಿ

ಅಂಪೊಫೊ ಮೇಷ್ಟ್ರ ವಾದ ಬಹಳ ಸರಳವಾಗಿತ್ತು. ಮಲಗುವ ಹಕ್ಕು ಎಲ್ಲರಿಗೂ ಇದೆ. ಮನುಷ್ಯನಿಗಿದೆ, ಮೇಕೆಗಿದೆ, ಭಾನುವಾರದ ಪ್ರಾರ್ಥನೆಯಲ್ಲಿ ಹಿಂದಿನ ಸಾಲು ಹಿಡಿಯುವವರಿಗಂತೂ ಧಾರಾಳವಾಗಿದೆ. ಹಾಗಿದ್ದ ಮೇಲೆ ತನ್ನ ಕಂಪ್ಯೂಟರಿಗೆ ಮಾತ್ರ ಯಾಕಿರಬಾರದು?

ತೊಂದರೆ ಏನೆಂದರೆ, ಆ ಕಂಪ್ಯೂಟರು 'ಸ್ಲೀಪ್' ಒತ್ತಿ ಮಲಗಿಸಿದರೆ ನೆಟ್ಟಗೆ ಏಳುತ್ತಿರಲಿಲ್ಲ. ಮುಖವೆಲ್ಲ ನೀಲಿ ಮಾಡಿಕೊಂಡು, ಬಿಳಿ ಅಕ್ಷರದಲ್ಲಿ ನಾಲ್ಕು ಸಾಲು ಕ್ಷಮೆ ಕೇಳಿ, ಅಲ್ಲಿಯವರೆಗೆ ಮಾಡಿದ ಕೆಲಸವನ್ನೆಲ್ಲ ನುಂಗಿ, ಏನೂ ಅರಿಯದ ಮಗುವಿನ ಹಾಗೆ ಹೊಸದಾಗಿ ಹುಟ್ಟಿ ಬರುತ್ತಿತ್ತು. ಉಳಿಸಿಟ್ಟ ಪುಟಗಳೂ ಅರ್ಧಂಬರ್ಧವಾಗಿ ಹೊರಬರುತ್ತಿದ್ದವು. ಹೆಂಡತಿ ಸೆರ್ವಾ ಹೊಲಿಗೆ ಯಂತ್ರದ ಮುಂದಿನಿಂದ ತಲೆಯೆತ್ತದೆ ಪರಿಹಾರ ಹೇಳಿದ್ದಳು: ಮಲಗಿಸಬೇಡಿ. ಊಟಕ್ಕೆ ಏಳುವಾಗ ಅದರ ಪಾಡಿಗೆ ಉರಿಯಲಿ ಬಿಡಿ, ಇಲ್ಲವೇ ಪೂರ್ತಿ ಆರಿಸಿ. ಇಷ್ಟು ಸುಲಭದ ಪರಿಹಾರವನ್ನು ಮೂವತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನೊಬ್ಬ ಒಪ್ಪಿಕೊಂಡಾನೆಯೇ? ಆರಿಸಿದರೆ ಅದು ಮತ್ತೆ ಎದ್ದು ನಿಲ್ಲುವುದರೊಳಗೆ ಹದಿನೈದು ನಿಮಿಷ. ಉರಿಯಲು ಬಿಟ್ಟರೆ ತತ್ವಭಂಗ.

"ಮನೇಲಿ ಕಳ್ಳ ಇದ್ದಾನೆ ಅಂತ ನಾವು ನಿದ್ದೆ ಬಿಡೋದಾ ಸೆರ್ವಾ? ಕಳ್ಳನ್ನ ಹಿಡೀಬೇಕು."

ಬೆಕ್ವಾಯ್ ಊರಿನಲ್ಲಿ ಮೇಷ್ಟ್ರ ಹಟ ಗೊತ್ತಿಲ್ಲದವರಿರಲಿಲ್ಲ. ಆದರೆ ಈ ಸಲದ ಹಟಕ್ಕೆ ಒಂದು ಕಾರಣವಿತ್ತು, ಅದು ಅವರ ಅತ್ತೆ. ಸೆರ್ವಾಳ ತಾಯಿ ನಾನಾ ಅಚಿಯಾ ಜನವರಿಯಲ್ಲಿ ತೀರಿಕೊಂಡಿದ್ದರು. ಅಲ್ಲಿನ ರೂಢಿಯಂತೆ ಶವವನ್ನು ಶೀತಾಗಾರದಲ್ಲಿಟ್ಟು, ಈಸ್ಟರ್ ಕಳೆದ ಮೇಲಿನ ಶನಿವಾರ ಅಂತ್ಯಕ್ರಿಯೆ ಎಂದು ಕುಟುಂಬದವರು ಗೊತ್ತು ಮಾಡಿದ್ದರು. ಅಷ್ಟರೊಳಗೆ ನಾನಾಳ ಪುಸ್ತಕ ಆಗಬೇಕು: ಮುಖಪುಟದಲ್ಲಿ ಆಕೆಯ ಫೋಟೋ, ಒಳಗೆ ಬಾಳಕಥೆ, ಮಕ್ಕಳ ನುಡಿ, ಮೊಮ್ಮಕ್ಕಳ ನುಡಿ, ಹಾಡುಗಳು. ಪುಸ್ತಕವಿಲ್ಲದೆ ಹೂಳಿದರೆ ಸತ್ತವರು ಯಾರೆಂದು ಬಂದವರಿಗೆ ತಿಳಿಯುವುದಾದರೂ ಹೇಗೆ? ಸಾಮಾನ್ಯವಾಗಿ ಇದು ಅಳಿಯನ ಕೆಲಸವಲ್ಲ. ಅಲ್ಲಿ ಕುಟುಂಬವೆಂದರೆ ತಾಯಿಯ ಕಡೆಯದು, ಅಳಿಯ ಎಷ್ಟಾದರೂ ಬಾಗಿಲ ಬಳಿಯ ಕುರ್ಚಿಯವನು. ಆದರೆ ಆ ಮುದುಕಿ ಸಾಯುವುದಕ್ಕೆ ನಾಲ್ಕು ದಿನ ಮುಂಚೆ ಎಲ್ಲರ ಎದುರಿಗೆ ಹೇಳಿದ್ದಳು: "ನನ್ನ ಪುಸ್ತಕ ಮೇಷ್ಟ್ರೇ ಮಾಡಲಿ. ಅವನು ಮಾತು ಜಾಸ್ತಿ ಆಡ್ತಾನೆ, ಆದ್ರೆ ಒಂದಕ್ಷರ ತಪ್ಪು ಮಾಡಲ್ಲ."

ಇಪ್ಪತ್ತಾರು ವರ್ಷದಲ್ಲಿ ಅತ್ತೆಯಿಂದ ಬಂದ ಮೊದಲ ಹೊಗಳಿಕೆ ಅದು. ಮೇಷ್ಟ್ರು ಹಿತ್ತಲಿಗೆ ಹೋಗಿ ಅತ್ತುಬಂದಿದ್ದರು. (ಈರುಳ್ಳಿ ಹೆಚ್ಚುತ್ತಿದ್ದೆ ಎಂದು ಹೇಳಿದರು. ಮನೆಯಲ್ಲಿ ಆ ದಿನ ಈರುಳ್ಳಿ ಇರಲಿಲ್ಲ.)

ಆ ಮಾತಿಗೆ ತಕ್ಕ ಹಾಗೆ ಅವರು ಸಿದ್ಧತೆಯನ್ನೂ ಮಾಡಿದರು. ಊರಿನ ಕರೆಂಟಿನ ಗುಣ ಎಲ್ಲರಿಗೂ ಗೊತ್ತಿದ್ದದ್ದೇ, ಬಂದೆಯಾ ಎನ್ನುವುದರೊಳಗೆ ಹೋಗಿರುತ್ತದೆ. ಹಾಗಾಗಿ ಪುಸ್ತಕಕ್ಕೆ ಕೈಹಚ್ಚುವ ಮೊದಲು ಕುಮಾಸಿ ಪಟ್ಟಣಕ್ಕೆ ಹೋಗಿ, ಕರೆಂಟು ಹೋದರೂ ಕಂಪ್ಯೂಟರು ಆರದಂತೆ ಕಾಯುವ ಒಂದು ಯುಪಿಎಸ್ ತಂದರು. ಕಪ್ಪು ಬಣ್ಣದ, ಇಟ್ಟಿಗೆಯಷ್ಟು ಭಾರದ ಪೆಟ್ಟಿಗೆ. ಅದಕ್ಕೆ 'ಕಾವಲುಗಾರ' ಎಂದು ಹೆಸರಿಟ್ಟರು. ಪುಸ್ತಕದಲ್ಲಿ ಮೊದಲು ಬರೆದದ್ದು ಕೊನೆಯ ಪುಟದ ಕೃತಜ್ಞತೆಗಳನ್ನು, ಏಕೆಂದರೆ ಉಪಕಾರಸ್ಮರಣೆಯನ್ನು ಮುಂದಕ್ಕೆ ಹಾಕುವುದು ಸಭ್ಯರ ಲಕ್ಷಣವಲ್ಲ. ಆಮೇಲೆ ಬರೆದದ್ದೆಲ್ಲ ಆ ನೀಲಿ ಮುಖದ ಹೊಟ್ಟೆ ಸೇರಿತು. ನಾನಾಳ ಬಾಲ್ಯ ಮೂರು ಸಲ ಹೋಯಿತು, ಮದುವೆ ಐದು ಸಲ. ಆಶ್ಚರ್ಯವೆಂದರೆ ಬೇರೆ ಕಡತದಲ್ಲಿದ್ದ ಆ ಕೃತಜ್ಞತೆಯ ಪುಟ ಮಾತ್ರ ಒಮ್ಮೆಯೂ ಕಳೆಯಲಿಲ್ಲ. ಅದೊಂದನ್ನು ಮತ್ತೆ ತೆರೆದು ನೋಡುವ ಅಗತ್ಯವೇ ಬೀಳಲಿಲ್ಲ.

ಪುಸ್ತಕದ ಕೆಲಸದ ದಿನಚರಿಗೆಂದು ಮೇಷ್ಟ್ರು ಮೊದಲಿಂದಲೂ ಒಂದು ನೋಟ್‌ಬುಕ್ ಇಟ್ಟಿದ್ದರು. ಈಗ ಅದರಲ್ಲಿ ಕಂಪ್ಯೂಟರಿನ ಪ್ರತಿ ಸಾವಿಗೂ ಒಂದು ಪುಟ: ದಿನಾಂಕ, ವೇಳೆ, ಮಲಗಿಸಿದ ಕೈ, ಎಬ್ಬಿಸಿದ ಕೈ, ಅಕ್ಕಪಕ್ಕದಲ್ಲಿದ್ದವರು. ಕಂಪ್ಯೂಟರು ಸಾಯುವಾಗಲೆಲ್ಲ ಒಂದು ಮರಣಪತ್ರ ಬರೆದಿಡುತ್ತದೆ ಎಂಬುದನ್ನೂ ಪತ್ತೆ ಮಾಡಿದರು. ಅದನ್ನು ತೆರೆದು ನೋಡಿದರೆ, ಯಾವುದೋ ಒಂದು ಡ್ರೈವರ್ ನಿದ್ದೆಗೆ ಒಪ್ಪಲಿಲ್ಲ ಎಂದಿತ್ತು, ಪಕ್ಕದಲ್ಲಿ ಅರ್ಥವಿಲ್ಲದ ಹೆಸರೊಂದಿತ್ತು: ಎಸ್‌ಜಿಬಿಎಚ್32. ಸೆರ್ವಾಳ ತಮ್ಮ ಅಂಟ್ವಿ ಲಾರಿ ನಿಲ್ದಾಣದ ಹತ್ತಿರ ರೇಡಿಯೋ, ಫೋನು, ಕಂಪ್ಯೂಟರು ರಿಪೇರಿ ಮಾಡುತ್ತಿದ್ದ. ಆ ಹೆಸರು ಯಾರದೆಂದು ಹುಡುಕಿದರೆ ಕೆಲಸ ಮುಗಿಯಿತು ಬಾವ, ನಾನು ನೋಡಿಕೊಡಲೇ ಎಂದು ಅವನು ಕೇಳಿದ್ದ. ಮೇಷ್ಟ್ರಿಗೆ ಉರಿದುಹೋಯಿತು. ಅದು ಅಡ್ಡಹೆಸರು, ಕಳ್ಳನಾದವನು ಎಲ್ಲಾದರೂ ನಿಜವಾದ ಹೆಸರು ಬರೆದಿಟ್ಟು ಹೋಗುತ್ತಾನೆಯೇ ಎಂದು ಗದರಿಸಿ ಕಳಿಸಿದರು. ಅಂಟ್ವಿಯ ಕೈಗೆ ಕಂಪ್ಯೂಟರು ಹೋದರೆ ಪುಸ್ತಕವೂ ಹೋದಂತೆಯೇ. ಪುಸ್ತಕ ತನ್ನ ಕೈತಪ್ಪಿದರೆ ಮುದುಕಿಯ ಮಾತು ಸುಳ್ಳಾದಂತೆ.

ಅಂತ್ಯಕ್ರಿಯೆಗೆ ಎರಡು ವಾರ ಉಳಿದಾಗ ಕುಟುಂಬದಿಂದ ಸಂದೇಶ ಬಂತು. ಈ ಸೋಮವಾರದೊಳಗೆ ಕಂಪ್ಯೂಟರು ಸರಿಹೋಗದಿದ್ದರೆ ಪುಸ್ತಕದ ಕೆಲಸ ಅಂಟ್ವಿಗೆ. ಮೇಷ್ಟ್ರು ಆ ಸಂದೇಶವನ್ನು ಎರಡು ಸಲ ಓದಿದರು, ಮಡಚಿ ಜೇಬಿಗಿಟ್ಟರು, ಊಟ ಬೇಡವೆಂದರು. ಫುಫು ಮುದ್ದೆ ಕುಟ್ಟಿ ಕೈ ನೋಯಿಸಿಕೊಂಡಿದ್ದ ಸೆರ್ವಾಳಿಗೆ ಇದರಿಂದ ಸಂತೋಷವಾಗಲಿಲ್ಲ.

"ನಿನ್ನ ಪ್ರಿಂಟರೇ ಅಪರಾಧಿ," ಎಂದರು ಮೇಷ್ಟ್ರು. "ನಂಗೆ ಮೊದಲಿಂದ್ಲೂ ಅನುಮಾನ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿ. ನನ್ನ ಪ್ರಿಂಟರು ಆರು ವರ್ಷದಿಂದ ರವಿಕೆ ಅಳತೆ ಮುದ್ರಿಸ್ತಾ ಇದೆ. ಒಂದಿನ ತುಟಿಪಿಟಕ್ ಅಂದಿಲ್ಲ."

"ಹಂಗಾದ್ರೆ ದುಫಿಯೆ ಚಿಕ್ಕಮ್ಮನ ಕ್ಯಾಮೆರಾ. ಇಲ್ಲಾಂದ್ರೆ ನಿನ್ನ ತಮ್ಮ ಚುಚ್ಚಿಟ್ಟು ಹೋದ ಪೆನ್‌ಡ್ರೈವು, ಆ ಹಾಡಿನ ಕಡ್ಡಿ. ನಿಮ್ಮ ಕುಟುಂಬದೋರ ಸಾಮಾನು ಬಿಟ್ರೆ ಈ ಯಂತ್ರಕ್ಕೆ ಇನ್ನೇನು ಅಂಟಿಕೊಂಡಿದೆ ಹೇಳು?"

ಮಾತು ಕುಟುಂಬದ ಮೇಲೆ ಹೋದ ಮೇಲೆ ಸೆರ್ವಾ ಹೊಲಿಗೆ ನಿಲ್ಲಿಸಿದಳು. ಸರಿ, ಹಾಗಾದರೆ ನಮ್ಮ ಹಿರಿಯರನ್ನೇ ಕರೆಸಿ, ನ್ಯಾಯ ಆಗಲಿ ಎಂದಳು. ಅವಳು ಹೆದರಿಸುವುದಕ್ಕೆ ಹೇಳಿದ್ದು. ಮೇಷ್ಟ್ರು ಎದ್ದು ಅಂಗಿ ಹಾಕಿಕೊಂಡು ಹೋಗಿ ನಿಜವಾಗಿಯೂ ಕರೆದುಬಂದರು.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಮೇಷ್ಟ್ರ ಹಜಾರದಲ್ಲಿ ನೆರೆದರು. ಕುಟುಂಬದ ಯಜಮಾನರಾದ, ನಾನಾಳ ತಮ್ಮ, ಎಂಬತ್ತೊಂದರ ಬಡು ಅಜ್ಜ ನಡುವಿನ ಕುರ್ಚಿಯಲ್ಲಿ ಕುಳಿತರು. ಅವರ ಪಕ್ಕದಲ್ಲಿ ಕೋಲು ಹಿಡಿದು ನಿಂತವನು ಪಿಪಿಮ್, ಅಜ್ಜನ ಮಾತುಗಾರ. ಹಿರಿಯರ ಜೊತೆ ಯಾರೂ ನೇರವಾಗಿ ಮಾತಾಡುವಂತಿಲ್ಲ. ಪಿಪಿಮ್‌ಗೆ ಹೇಳಬೇಕು, ಅವನು ಅಜ್ಜನಿಗೆ ಹೇಳುತ್ತಾನೆ. ಅಜ್ಜನ ಉತ್ತರವೂ ಅವನ ಬಾಯಿಂದಲೇ ಬರಬೇಕು. ಇಬ್ಬರ ನಡುವೆ ಒಂದು ಮೊಳ ದೂರವಿದ್ದರೂ ಸರಿಯೇ. ದುಫಿಯೆ ಚಿಕ್ಕಮ್ಮ ಹ್ಯಾಂಬರ್ಗಿನಲ್ಲಿರುವ ಮಗಳ ಮುಖ ನೋಡಲು ಈ ಕಂಪ್ಯೂಟರಿಗೆ ಹಾಕಿಸಿದ್ದ ತನ್ನ ಕ್ಯಾಮೆರಾಕ್ಕೆ ಸೆರಗು ಮುಚ್ಚಿ ಕುಳಿತಿದ್ದಳು, ಅದನ್ನು ಯಾರೋ ಜೈಲಿಗೆ ಹಾಕುತ್ತಾರೆ ಎಂಬಂತೆ. ಅಂಟ್ವಿ ಬಾಗಿಲಿಗೆ ಒರಗಿ ನಿಂತಿದ್ದ. ಸೆರ್ವಾ ಎಲ್ಲರಿಗೂ ನೀರು ಕೊಟ್ಟಳು. ನೀರು ಕುಡಿದಾದ ಮೇಲೆ, ಬಂದ ಕಾರಣವೇನೆಂದು ಪಿಪಿಮ್ ವಿಧಿಪೂರ್ವಕವಾಗಿ ವಿಚಾರಿಸಿದ. ಕಾರಣ ಗೊತ್ತಿಲ್ಲದವರು ಆ ಬೀದಿಯಲ್ಲೇ ಯಾರೂ ಇರಲಿಲ್ಲ.

ಮೇಷ್ಟ್ರು ಎದ್ದು ನಿಂತು, ಭುಜದ ಮೇಲಿನ ಬಟ್ಟೆ ಇಳಿಸಿ ಮರ್ಯಾದೆ ಸಲ್ಲಿಸಿದರು. ಜೀವಮಾನದ ಅತ್ಯುತ್ತಮ ಪಾಠ ಇದಾಗಲಿದೆ ಎಂಬ ಭಾವ ಮುಖದಲ್ಲಿತ್ತು.

"ಅಜ್ಜನಿಗೆ ಹೇಳು ಪಿಪಿಮ್. ಈ ಕಂಪ್ಯೂಟರು ಒಬ್ಬ ದೊರೆ. ದೊರೆ ಹತ್ರ ಯಾರೂ ನೇರ ಮಾತಾಡಂಗಿಲ್ಲ. ಪ್ರಿಂಟರಿಗೊಬ್ಬ ಮಾತುಗಾರ, ಕ್ಯಾಮೆರಾಕ್ಕೊಬ್ಬ ಮಾತುಗಾರ. ಅವನಿಗೇ ಡ್ರೈವರ್ ಅನ್ನೋದು. ದೊರೆ ಮಲಗೋಕೆ ಮುಂಚೆ ಎಲ್ಲರಿಗೂ ಹೇಳಿ ಕಳಿಸ್ತಾನೆ, ನಾನು ಮಲಗ್ತೀನಿ, ನೀವೂ ಮಲಗಿ, ಮಲಗಿದ್ದಾಯ್ತು ಅಂತ ನಂಗೊಂದು ಮಾತು ತಿಳಿಸಿ ಅಂತ. ಎಲ್ಲರೂ ತಿಳಿಸ್ತಾರೆ. ಒಬ್ಬ ಮಾತ್ರ ತಿಳಿಸಲ್ಲ. ದೊರೆ ಕಾಯ್ತಾನೆ, ಕಾಯ್ತಾನೆ, ಕಾದು ಕಾದು ಎದೆ ಒಡ್ಕೊಂಡು ಸಾಯ್ತಾನೆ."

ಹಜಾರದಲ್ಲಿದ್ದವರೆಲ್ಲ ತಲೆದೂಗಿದರು. ಇಷ್ಟು ವರ್ಷ ಅರ್ಥವಾಗದಿದ್ದ ಕಂಪ್ಯೂಟರು ದುಫಿಯೆ ಚಿಕ್ಕಮ್ಮನಿಗೂ ಆ ಕ್ಷಣ ಅರ್ಥವಾಗಿಬಿಟ್ಟಿತು. ಪಿಪಿಮ್ ಮಾತ್ರ ಕೆಂಡವಾಗಿದ್ದ. ಮೇಷ್ಟ್ರು ಹೇಳಿದ್ದನ್ನೆಲ್ಲ ಅಜ್ಜನಿಗೆ ಚಾಚೂ ತಪ್ಪದೆ ಒಪ್ಪಿಸಿ, ಕೊನೆಗೆ ತನ್ನದೊಂದು ಬಾಲ ಸೇರಿಸಿದ: ಮೂವತ್ತಮೂರು ವರ್ಷದಿಂದ ಈ ಕೋಲು ಹಿಡಿದಿದ್ದೇನೆ, ದೊರೆಗೆ ಮರುಮಾತು ತಲುಪಿಸದ ಮಾತುಗಾರನನ್ನು ನಾನು ಕಂಡಿಲ್ಲ, ಕಂಡರೆ ಅವನಿಗೆ ಶಿಕ್ಷೆಯಾಗಲೇಬೇಕು.

ತಪ್ಪಿತಸ್ಥ ಮಾತುಗಾರನನ್ನು ಮನೆಗೆ ಕರೆತಂದವರೇ ಅವನ ತಪ್ಪಿಗೆ ಹೊಣೆ, ದಂಡ ಒಂದು ಕೋಳಿ ಎಂದು ಅಜ್ಜ ಹೇಳಿಸಿದರು. ಅಲ್ಲಿಗೆ ಸುಮ್ಮನಾಗಿದ್ದರೆ ಮೇಷ್ಟ್ರು ಕೋಳಿಯಲ್ಲಿ ಪಾರಾಗುತ್ತಿದ್ದರು. ಸುಮ್ಮನಾಗಲಿಲ್ಲ. ಸತ್ತವರ ಪುಸ್ತಕಕ್ಕೆ ಅಡ್ಡಿಯಾದದ್ದೆಂದರೆ ಸತ್ತವರಿಗೇ ಮಾಡಿದ ಅವಮಾನ ಎಂದರು. ಕೋಳಿ ಸಾಲದು, ಕುರಿಯೇ ಆಗಬೇಕು, ಜೊತೆಗೆ ಎರಡು ಬಾಟಲಿ ಶ್ನಾಪ್ಸ್ ಸಾರಾಯಿ ಎಂದರು. ಹೆಂಡತಿಯೇ ಆಗಿರಲಿ, ಹೆಂಡತಿಯ ತಮ್ಮನೇ ಆಗಿರಲಿ, ದಯೆ ತೋರಬಾರದು, ಮತ್ತು ದಂಡವನ್ನು ಅಂತ್ಯಕ್ರಿಯೆಯ ದಿನ ಮೈಕಿನಲ್ಲಿ ಸಾರಬೇಕು ಎಂದೂ ಸೇರಿಸಿದರು. ಸೆರ್ವಾ ಗಂಡನ ಮುಖವನ್ನೇ ನೋಡುತ್ತ, "ನಂಗೆ ಒಪ್ಪಿಗೆ," ಎಂದಳು. ಅಂಟ್ವಿಯೂ ಒಪ್ಪಿದ.

ವಿಚಾರಣೆ ಶುರುವಾಯಿತು. ಮೊದಲು ಪ್ರಿಂಟರಿನ ವೈರು ಕಿತ್ತು, ಕಂಪ್ಯೂಟರನ್ನು ಮಲಗಿಸಿ, ಹತ್ತು ನಿಮಿಷ ಬಿಟ್ಟು ಎಬ್ಬಿಸಿದರು. ನೀಲಿ. ಪ್ರಿಂಟರು ನಿರಪರಾಧಿ ಎಂದು ಪಿಪಿಮ್ ಸಾರಿದ. ಸೆರ್ವಾ ಅದರ ಮೇಲಿನ ಧೂಳು ಒರೆಸಿದಳು. ಆಮೇಲೆ ಕ್ಯಾಮೆರಾ ಕಿತ್ತರು. ಮತ್ತೆ ನೀಲಿ. ದುಫಿಯೆ ಚಿಕ್ಕಮ್ಮ ಕ್ಯಾಮೆರಾಕ್ಕೆ ಮುತ್ತು ಕೊಟ್ಟು ಸೆರಗಿಗೆ ಸುತ್ತಿಕೊಂಡಳು. ಇನ್ನುಳಿದದ್ದು ಅಂಟ್ವಿಯ ಹಾಡಿನ ಕಡ್ಡಿ. ಮೇಷ್ಟ್ರು ಅದನ್ನು ಎರಡೇ ಬೆರಳಲ್ಲಿ, ಜಿಗಣೆ ಕೀಳುವ ಹಾಗೆ ಕಿತ್ತರು. ಕಂಪ್ಯೂಟರು ಮಲಗಿದ ಆ ಹತ್ತು ನಿಮಿಷದಲ್ಲೇ ಕರೆಂಟು ಹೋಯಿತು. ಫ್ಯಾನು ನಿಂತಿತು, ಬೀದಿಯೆಲ್ಲ ನಿಟ್ಟುಸಿರು ಬಿಟ್ಟಿತು. ಮೇಜಿನ ಕೆಳಗಿಂದ ಕಪ್ಪು ಪೆಟ್ಟಿಗೆ ಕುಂಯ್ ಕುಂಯ್ ಎಂದಿತು. ಕಂಪ್ಯೂಟರಿನ ಪುಟ್ಟ ದೀಪ ಆರಲಿಲ್ಲ.

ಮೇಷ್ಟ್ರು ಕೈ ನೀಡಿ ತೋರಿಸಿದರು. ಸೇವೆ ಎಂದರೆ ಇದು, ಮನೆಯಲ್ಲಿ ಒಬ್ಬನಾದರೂ ನಿಯತ್ತಿನವನಿದ್ದಾನಲ್ಲ ಎಂದರು. ಆ ನಿಯತ್ತಿಗೆ ಅಜ್ಜನೂ ಮೆಚ್ಚಿ ತಲೆಯಾಡಿಸಿದರು.

ಎಬ್ಬಿಸಿದರು. ನೀಲಿ.

ಕಿತ್ತದ್ದೆಲ್ಲ ಮೇಜಿನ ಮೇಲೆ ಸಾಲಾಗಿ ಬಿದ್ದಿತ್ತು, ಎಲ್ಲವೂ ನಿರಪರಾಧಿಗಳು. ಮೇಷ್ಟ್ರು ಅವನ್ನೆಲ್ಲ ಇನ್ನೊಮ್ಮೆ ಎಣಿಸಿದರು. ಹಾಗಾದರೆ ದೊರೆಗೇ ಹೃದಯರೋಗ ಇರಬೇಕು ಎಂದರು. ಆಗ ಬಡು ಅಜ್ಜ ಪಿಪಿಮ್‌ನ ಕಿವಿಯಲ್ಲಿ ಏನೋ ಹೇಳಿದರು. ಪಿಪಿಮ್ ಕೋಲು ಕುಟ್ಟಿದ.

"ಅಜ್ಜ ಕೇಳ್ತಾರೆ, ದೊರೆ ಮೊಟ್ಟಮೊದಲು ಸತ್ತಿದ್ದು ಯಾವತ್ತು?"

ಮೇಷ್ಟ್ರಿಗೆ ಪ್ರಾಣ ಬಂತು. ನೋಟ್‌ಬುಕ್ ಇರುವುದು ಮತ್ತೇತಕ್ಕೆ? ತೆರೆದು, ತರಗತಿಯ ದನಿಯಲ್ಲಿ ಓದಿದರು. ಫೆಬ್ರವರಿ ಹದಿನೇಳು, ಬೆಳಗ್ಗೆ ಹತ್ತು ಗಂಟೆ.

"ಅದರ ಹಿಂದಿನ ದಿನ ಈ ಮನೆಗೆ ಹೊಸಬರು ಯಾರು ಬಂದ್ರು ಅಂತ ಕೇಳ್ತಾರೆ."

ಮೇಷ್ಟ್ರು ಒಂದು ಪುಟ ಹಿಂದಕ್ಕೆ ಮಗುಚಿ ಅದೇ ದನಿಯಲ್ಲಿ ಮುಂದುವರಿಸಿದರು. "ಫೆಬ್ರವರಿ ಹದಿನಾರು. ಈ ಶುಭದಿನ ನಮ್ಮ ಮನೆಗೆ ಕಾವಲುಗಾರನ ಆಗಮನವಾಯಿತು. ಅದರ ಜೊತೆ ಬಂದ ಸಿಡಿ ತಟ್ಟೆಯನ್ನು ನಾನೇ ಸ್ವಹಸ್ತದಿಂದ ಕಂಪ್ಯೂಟರಿಗೆ..." ಅಷ್ಟಕ್ಕೇ ನೋಟ್‌ಬುಕ್ ಮುಚ್ಚಿದರು.

ಅಂಟ್ವಿ ಬಾಗಿಲು ಬಿಟ್ಟು ಬಂದು ಮೇಜಿನ ಕೆಳಗೆ ಬಗ್ಗಿದ. ದಪ್ಪ ವೈರುಗಳ ನಡುವೆ ಒಂದು ಸಣ್ಣ ಬೂದು ವೈರು ಕಪ್ಪು ಪೆಟ್ಟಿಗೆಯಿಂದ ಹೊರಟು ಕಂಪ್ಯೂಟರಿನ ಬೆನ್ನಿಗೆ ಹೋಗಿತ್ತು. ಅದು ಉಪಕರಣ ಅಲ್ಲ, ಕರೆಂಟಿನ ಭಾಗ ಎಂದು ಮೇಷ್ಟ್ರು ಹೇಳಿದರು. ಕರೆಂಟಿನ ದಪ್ಪ ವೈರು ಬೇರೆ ಇದೆ ಬಾವ, ಇದು ಮಾತಾಡುವ ವೈರು ಎಂದು ಅಂಟ್ವಿ ಹೇಳಿದ. ಅಷ್ಟರಲ್ಲಿ ಸೆರ್ವಾ ಒಳಗಿಂದ ಯುಪಿಎಸ್ ಬಂದಿದ್ದ ರಟ್ಟಿನ ಡಬ್ಬಿ ತಂದಳು. (ಅದರಲ್ಲಿ ಅವಳು ಗುಂಡಿಗಳನ್ನು ಹಾಕಿಟ್ಟಿದ್ದಳು. ಉಪಯೋಗಕ್ಕೆ ಬರದ ವಸ್ತು ಅವಳ ಮನೆಯಲ್ಲಿ ಒಂದೇ ಇತ್ತು, ಅದು ಪೆನ್ಷನ್ ತೆಗೆದುಕೊಳ್ಳುತ್ತಿತ್ತು.) ಗುಂಡಿಗಳ ಅಡಿಯಿಂದ ತಟ್ಟೆ ತೆಗೆದು, ಅದರ ಮೇಲೆ ಸಣ್ಣಕ್ಷರದಲ್ಲಿದ್ದ ಡ್ರೈವರಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಎಸ್‌ಜಿಬಿಎಚ್32.

ಬೂದು ವೈರು ಕಿತ್ತರು. ಮಲಗಿಸಿದರು. ಎಬ್ಬಿಸಿದರು. ಕಂಪ್ಯೂಟರು ಎದ್ದಿತು, ನಾನಾ ಅಚಿಯಾಳ ಬಾಲ್ಯ ಇದ್ದಲ್ಲೇ ಇತ್ತು. ಕಾಕತಾಳೀಯ ಎಂದರು ಮೇಷ್ಟ್ರು. ಮತ್ತೆ ಮಲಗಿಸಿದರು, ಮತ್ತೆ ಎದ್ದಿತು. ವೈರು ಚುಚ್ಚಿ ಮಲಗಿಸಿದರು, ಸತ್ತಿತು. ದುಫಿಯೆ ಚಿಕ್ಕಮ್ಮ ಯಾರಿಗೂ ಅಲ್ಲವೆಂಬಂತೆ ತನ್ನಷ್ಟಕ್ಕೆ, ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು ಎಂದಳು. ಅದು ಬೀದಿಯವರೆಗೂ ಕೇಳಿಸಿತು.

ಮೇಷ್ಟ್ರು ಸೋಲಲಿಲ್ಲ. ತಪ್ಪು ಮಾಡಿದ್ದು ಯುಪಿಎಸ್, ಕುರಿಯನ್ನು ಅದೇ ಕೊಡಲಿ ಎಂದು ವಾದಿಸಿದರು. ಒಳ್ಳೆಯ ಉದ್ದೇಶದಿಂದ ತಂದವನಿಗೆ ರಿಯಾಯಿತಿ ಉಂಟೇ ಎಂದು ಕೇಳಿದರು. ಕೊನೆಗೆ, ಅಜ್ಜ ಮೊದಲು ಹೇಳಿದ ಕೋಳಿಯಲ್ಲಿ ಎಷ್ಟೊಂದು ವಿವೇಕವಿತ್ತು ಎಂಬುದನ್ನು ಎತ್ತಿ ಹೇಳಿದರು. ಪಿಪಿಮ್ ಯಾವುದನ್ನೂ ಅಜ್ಜನಿಗೆ ತಲುಪಿಸಲಿಲ್ಲ. ಮೂವತ್ತಮೂರು ವರ್ಷದಲ್ಲಿ ಮಾತು ತಲುಪಿಸದೆ ಬಿಟ್ಟದ್ದು ಅದೇ ಮೊದಲು.

"ಮೇಷ್ಟ್ರೆ," ಎಂದಳು ಸೆರ್ವಾ, "ಮಾಡಿದ್ದುಣ್ಣೋ ಮಹರಾಯ."

"ಕೊಡ್ತೀನಿ," ಎಂದರು ಮೇಷ್ಟ್ರು. "ಆದ್ರೆ ಪುಸ್ತಕ ನಂದೇ. ಕಂಪ್ಯೂಟರು ಸೋಮವಾರಕ್ಕೆ ಮುಂಚೆ ಸರಿಯಾಗಿದೆ. ಪಿಪಿಮ್, ಇದನ್ನಾದ್ರೂ ತಲುಪಿಸು."

ಇದನ್ನು ಪಿಪಿಮ್ ತಲುಪಿಸಿದ. ಅಜ್ಜ ಹೌದೆಂದರು.

ಆ ಎರಡು ವಾರ ಮೇಷ್ಟ್ರು ಮನುಷ್ಯರ ಹಾಗೆ ಊಟ ಮಾಡಲಿಲ್ಲ. ಬಾಲ್ಯ ಬರೆದರು, ಮದುವೆಯನ್ನು ಆರನೇ ಸಲ ಬರೆದರು, ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿ ತಿದ್ದಿದರು. ಎಲ್ಲ ಮುಗಿದ ಮೇಲೆ, ಮೊದಲೇ ಸಿದ್ಧವಿದ್ದ ಕೊನೆಯ ಪುಟವನ್ನು ಸೇರಿಸಿ ಅಚ್ಚಿಗೆ ಕಳಿಸಿದರು. ಆ ಪುಟವನ್ನು ತಿದ್ದುವಂಥದ್ದೇನೂ ಇರಲಿಲ್ಲ, ಬರೆದ ದಿನವೇ ಮೂರು ಸಲ ತಿದ್ದಿದ್ದರು. ಕುರಿಯನ್ನೂ ಕೊಂಡರು, ಸಂತೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಟಗರು. ಅಂಪೊಫೊ ಸಣ್ಣ ಕುರಿ ಕೊಟ್ಟ ಎಂದು ಯಾರೂ ಅನ್ನಬಾರದು. ನಡುಹಗಲಲ್ಲಿ ಅದನ್ನು ಹಗ್ಗ ಹಿಡಿದು ಮುಖ್ಯರಸ್ತೆಯಲ್ಲೇ ನಡೆಸಿಕೊಂಡು ಬಂದರು. ಏನು ವಿಶೇಷ ಎಂದು ಕೇಳಿದವರನ್ನೆಲ್ಲ ದುರುಗುಟ್ಟಿ ನೋಡಿದರು. ಟಗರೂ ನೋಡಿತು.

ಶನಿವಾರ ಶಾಮಿಯಾನದ ಕೆಳಗೆ ಕೆಂಪು ಕಪ್ಪು ಶೋಕದ ಬಟ್ಟೆಯ ಜನ ತುಂಬಿದ್ದರು. ಐನೂರು ಪುಸ್ತಕಗಳು ಕೈಯಿಂದ ಕೈಗೆ ಹೋದವು. ಮುಖಪುಟದಲ್ಲಿ ನಾನಾ ಅಚಿಯಾ ಯಾರನ್ನೋ ಗದರಿಸಲು ಹೊರಟವಳಂತೆ ನಗುತ್ತಿದ್ದಳು. ಹೆಂಗಸರು ಬಾಲ್ಯದ ಪುಟ ಓದಿ ಅತ್ತರು. ಬಡು ಅಜ್ಜ ಅಕ್ಕನ ಮದುವೆಯ ಪುಟವನ್ನು ತೆರೆದವರು ಬಹಳ ಹೊತ್ತು ಮುಂದಕ್ಕೆ ಮಗುಚಲಿಲ್ಲ. ಮೇಷ್ಟ್ರು ಬಾಗಿಲ ಬಳಿಯ ಕುರ್ಚಿಯಿಂದ ಇದನ್ನೆಲ್ಲ ನೋಡಿದರು. ಎದೆ ತುಂಬಿ ಬಂತು. ಆ ದಿನವೂ ಈರುಳ್ಳಿ ಇರಲಿಲ್ಲ.

ಆಮೇಲೆ ಪಿಪಿಮ್ ಮೈಕು ಹಿಡಿದು, ಯಾರು ಯಾರು ಏನೇನು ತಂದರೆಂದು ಸಾರತೊಡಗಿದ. ಅಳಿಯ ಅಂಪೊಫೊ ಮೇಷ್ಟ್ರು, ಒಂದು ಟಗರು, ಎರಡು ಬಾಟಲಿ ಶ್ನಾಪ್ಸ್ ಎಂದದ್ದೇ ತಡ, ಶಾಮಿಯಾನ ಚಪ್ಪಾಳೆಯಿಂದ ತುಂಬಿತು. ಮೇಷ್ಟ್ರು ಎದ್ದು ನಿಂತು ಅಲ್ಲಿನ ರೂಢಿಯಂತೆ ಎರಡು ಬೆರಳೆತ್ತಿ ಎಲ್ಲ ದಿಕ್ಕಿಗೂ ವಂದಿಸಿದರು. ಪಿಪಿಮ್ ಚಪ್ಪಾಳೆ ಪೂರ್ತಿ ಮುಗಿಯುವವರೆಗೆ ಕಾದು, ಇದು ಕಾಣಿಕೆಯಲ್ಲ, ದಂಡ ಎಂದು ಸ್ಪಷ್ಟಪಡಿಸಿದ. ಯುಪಿಎಸ್ಸಿನ ಕಥೆಯನ್ನೂ ಒಂದಿಷ್ಟೂ ಬಿಡದೆ ಹೇಳಿದ.

ನಗು ಅಲೆಅಲೆಯಾಗಿ ಬಂತು. ಮೇಷ್ಟ್ರು ಕೂರಲಿಲ್ಲ. ನಡೆದು ಹೋಗಿ ಪಿಪಿಮ್‌ನ ಕೈಯಿಂದ ಮೈಕು ಕಿತ್ತುಕೊಂಡರು.

"ನಗಿ. ಚೆನ್ನಾಗಿ ನಗಿ. ಆದ್ರೆ ನಿಮ್ಮ ಕೈಲಿರೋ ಪುಸ್ತಕ ನಾನು ಮಾಡಿದ್ದು. ಇದರಲ್ಲಿ ಒಂದೇ ಒಂದು ತಪ್ಪು ತೋರಿಸಿ, ಇನ್ನೊಂದು ಟಗರು ಕೊಡ್ತೀನಿ."

ನಗು ನಿಂತಿತು. ಐನೂರು ಜನ ಪುಟ ಮಗುಚುವ ಸದ್ದು ಕೇಳಿತು. ಯಾರಿಗೂ ತಪ್ಪು ಸಿಗಲಿಲ್ಲ. ಮೇಷ್ಟ್ರು ಎದೆಯುಬ್ಬಿಸಿ ನಿಂತರು. ಆಗ ಮುಂದಿನ ಸಾಲಿನಲ್ಲಿ, ಕೊನೆಯ ಪುಟ ತೆರೆದುಕೊಂಡು ಸೆರ್ವಾ ನಿಧಾನವಾಗಿ ಎದ್ದಳು. ಅವಳಿಗೆ ಮೈಕು ಬೇಕಾಗಿರಲಿಲ್ಲ.

"ಕೃತಜ್ಞತೆಗಳು," ಎಂದು ಓದಿದಳು. "ಹಗಲಿರುಳೆನ್ನದೆ ಕಂಪ್ಯೂಟರನ್ನು ಕಾದು, ಈ ಪುಸ್ತಕದ ಒಂದಕ್ಷರವೂ ಕಳೆಯದಂತೆ ನೋಡಿಕೊಂಡ ನಮ್ಮ ಮನೆಯ ನಿಷ್ಠಾವಂತ ಯುಪಿಎಸ್ಸಿಗೆ ಈ ಅಳಿಯನ ಅನಂತ ವಂದನೆಗಳು. ಇಂಥ ಕಾವಲುಗಾರ ಎಲ್ಲರ ಮನೆಗೂ ಸಿಗಲಿ."

ಶಾಮಿಯಾನದ ಕಂಬಕ್ಕೆ ಕಟ್ಟಿದ್ದ ಟಗರು ಒಮ್ಮೆ ಬ್ಯಾ ಎಂದಿತು. ಮೇಷ್ಟ್ರು ಮೈಕನ್ನು ಕೆಳಗಿಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಕೇಳಿದರು.

"ಅಕ್ಷರ ತಪ್ಪಿದೆಯಾ?"

ಸೆರ್ವಾ ಇನ್ನೊಂದು ಸಲ ಪುಟದ ಮೇಲೆ ಕಣ್ಣಾಡಿಸಿದಳು.

"ಇಲ್ಲ ಮೇಷ್ಟ್ರೆ. ಅಮ್ಮ ಹೇಳಿದ್ದು ನಿಜ. ಒಂದಕ್ಷರವೂ ತಪ್ಪಿಲ್ಲ."